ಅಳುವವರು ಯಾರು?

‘ಸಿನ್ ಸಿಟಿ’ ಸಿನಿಮಾದಲ್ಲಿ ಹರಿಯುವ ರಕ್ತ ಬಹಳ ಕಡೆ ಬೆಳ್ಳಗಿದೆ. 2005ರಲ್ಲಿ ತೆರೆಕಂಡ ಈ ಅಮೆರಿಕನ್ ಚಿತ್ರವನ್ನು ನೋಡಿದವರಿಗೆ ಕಥೆ ಮರೆತುಹೋದರೂ ಆ ಬಿಳಿ ರಕ್ತ ಮರೆಯುವುದಿಲ್ಲ. ಕಪ್ಪು ಬಿಳುಪಿನ ಊರು, ಸದಾ ರಾತ್ರಿ, ಆಗಾಗ ಮಳೆ. ಅದರ ನಡುವೆ ಒಂದು ಕೆಂಪು ಲಂಗ, ಒಂದು ಜೊತೆ ಹಸಿರು ಕಣ್ಣು, ಅರಿಶಿಣ ಮೆತ್ತಿದಂಥ ಒಬ್ಬ ಹಳದಿ ಮನುಷ್ಯ. ಉಳಿದದ್ದೆಲ್ಲ ಶಾಯಿ ಮತ್ತು ಕಾಗದ. ಗುಂಡು ತಗುಲಿದರೆ, ಕತ್ತಿ ಇರಿದರೆ, ಮೈಯಿಂದ ಚಿಮ್ಮುವುದು ಸುಣ್ಣದ ನೀರಿನಂಥ ಬಿಳುಪು. ನೋಡುವ ಕಣ್ಣಿಗೆ ಅದು ಚಂದ. ನಾನು ಕೇಳಬೇಕೆಂದಿರುವ ಪ್ರಶ್ನೆಯೂ ಈ ‘ಚಂದ’ದ ಬಗ್ಗೆಯೇ. ಕೊಲೆಯನ್ನು ಚಂದ ಮಾಡಿ ತೋರಿಸುವುದು ತಪ್ಪೇ? ತಪ್ಪಾದರೆ ಆ ತಪ್ಪು ಎಲ್ಲಿದೆ, ಚಂದದಲ್ಲೋ ಬೇರೆ ಯಾವುದರಲ್ಲೋ?

ಇಂಥ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳಿವೆ. ಒಂದು, ಇಂಥ ಸಿನಿಮಾ ನೋಡಿ ಹುಡುಗರು ಕೆಡುತ್ತಾರೆ ಎಂಬುದು. ಇನ್ನೊಂದು, ಸಿನಿಮಾ ಸಿನಿಮಾ ಅಷ್ಟೇ, ಅಲ್ಲಿ ಯಾರೂ ಸತ್ತಿಲ್ಲ ಎಂಬುದು. ಮೊದಲನೆಯದನ್ನು ನಾನು ಇಲ್ಲಿ ಮುಟ್ಟುವುದಿಲ್ಲ. ಸಿನಿಮಾ ನೋಡಿದವರೆಲ್ಲ ಕತ್ತಿ ಹಿಡಿಯುವುದಿಲ್ಲ, ಕತ್ತಿ ಹಿಡಿದವರೆಲ್ಲ ಸಿನಿಮಾ ನೋಡಿ ಹಿಡಿದವರಲ್ಲ. ಎರಡನೆಯದು ಮಾತ್ರ ಮೇಲ್ನೋಟಕ್ಕೆ ಕಾಣುವುದಕ್ಕಿಂತ ಗಟ್ಟಿಯಾಗಿದೆ. ಅದನ್ನು ಪೂರ್ತಿ ಕೇಳಿಸಿಕೊಂಡೇ ಮುಂದೆ ಹೋಗಬೇಕು.

ಫ್ರಾಂಕ್ ಮಿಲ್ಲರ್ ‘ಸಿನ್ ಸಿಟಿ’ ಚಿತ್ರಕಥೆಗಳನ್ನು 1991ರಿಂದ ಬರೆದು, ಬಿಡಿಸಿ ಪ್ರಕಟಿಸತೊಡಗಿದ. ಬೂದು ಬಣ್ಣಕ್ಕೆ ಹೆಚ್ಚು ಜಾಗವಿಲ್ಲದ, ಕಪ್ಪು ಮತ್ತು ಬಿಳುಪು ಎದುರುಬದುರು ನಿಂತ ಪುಟಗಳು ಅವು. ಅವನ್ನು ಸಿನಿಮಾ ಮಾಡಲು ಹೊರಟ ರಾಬರ್ಟ್ ರೊಡ್ರಿಗ್ಸ್, ಮಿಲ್ಲರನನ್ನು ಒಪ್ಪಿಸಲೆಂದೇ ಮೊದಲು ಒಂದು ಪುಟ್ಟ ಕಥೆಯನ್ನು ಚಿತ್ರೀಕರಿಸಿ ತೋರಿಸಿದ. ಅದೇ ಮುಂದೆ ಚಿತ್ರದ ಆರಂಭದ ದೃಶ್ಯವಾಯಿತು. ಪುಸ್ತಕದ ಚೌಕಟ್ಟುಗಳನ್ನೇ ಕ್ಯಾಮೆರಾದ ಚೌಕಟ್ಟು ಮಾಡಿಕೊಂಡದ್ದರಿಂದ ಮಿಲ್ಲರನೂ ನಿರ್ದೇಶಕನೇ ಎಂದು ರೊಡ್ರಿಗ್ಸ್ ಹಟ ಹಿಡಿದ. ಅಮೆರಿಕದ ನಿರ್ದೇಶಕರ ಸಂಘದ ನಿಯಮ ಅದಕ್ಕೆ ಒಪ್ಪದಿದ್ದಾಗ ಸಂಘಕ್ಕೇ ರಾಜೀನಾಮೆ ಕೊಟ್ಟ. ಚಿತ್ರ ಬಹುಪಾಲು ತಯಾರಾದದ್ದು ಟೆಕ್ಸಾಸಿನ ಆಸ್ಟಿನ್ ನಗರದ ಸ್ಟುಡಿಯೋದಲ್ಲಿ, ಹಸಿರು ಪರದೆಯ ಮುಂದೆ. ಊರು, ಬೀದಿ, ಮಳೆ ಎಲ್ಲ ಆಮೇಲೆ ಕಂಪ್ಯೂಟರಿನಲ್ಲಿ ಬಂದವು. ಚಿತ್ರದಲ್ಲಿ ಮೈಮೇಲೆ ಬಿದ್ದು ಬಡಿದಾಡುವ ಮಿಕಿ ರೂರ್ಕ್ ಮತ್ತು ಎಲಾಯಿಜಾ ವುಡ್ ಚಿತ್ರೀಕರಣದ ಹೊತ್ತಿನಲ್ಲಿ ಒಬ್ಬರನ್ನೊಬ್ಬರು ಭೇಟಿಯೇ ಆಗಿರಲಿಲ್ಲ. ಇಬ್ಬರೂ ಬೇರೆ ಬೇರೆ ದಿನ ಖಾಲಿ ಗಾಳಿಗೆ ಗುದ್ದಿದ್ದರು.

2005ರ ಕೊನೆಗೆ ಬಂದ ಎರಡು ತಟ್ಟೆಗಳ ಡಿವಿಡಿಯಲ್ಲಿ ಇದಕ್ಕೆ ಸಾಕ್ಷಿಯೂ ಸಿಗುತ್ತದೆ. ಇಡೀ ಚಿತ್ರವನ್ನು ಹಸಿರು ಪರದೆಯ ಸ್ಥಿತಿಯಲ್ಲೇ ವೇಗವಾಗಿ ಓಡಿಸಿ ಹತ್ತು ಹನ್ನೆರಡು ನಿಮಿಷದಲ್ಲಿ ಮುಗಿಸುವ ಒಂದು ತುಣುಕು ಅದರಲ್ಲಿದೆ. ನಟರು ಹಸಿರು ಗೋಡೆಗಳ ನಡುವೆ ಓಡುತ್ತಾರೆ, ಬೀಳುತ್ತಾರೆ, ಏನೂ ಇಲ್ಲದ ಕಡೆ ಗುಂಡು ಹಾರಿಸುತ್ತಾರೆ. ‘ಯಾರೂ ಸತ್ತಿಲ್ಲ’ ಎನ್ನುವುದಕ್ಕೆ ಇದಕ್ಕಿಂತ ಪುರಾವೆ ಬೇಡ.

ಆದರೆ ನಮ್ಮ ಪ್ರಶ್ನೆ ನಟರಿಗೆ ಪೆಟ್ಟಾಯಿತೇ ಎಂಬುದಲ್ಲ. ಸಾವನ್ನು ನೋಡುವಾಗ ನಾವು ಏನನ್ನು ನೋಡುತ್ತೇವೆ, ಏನನ್ನು ನೋಡದೆ ಬಿಡುತ್ತೇವೆ ಎಂಬುದು. ನನಗೆ ಈ ಪ್ರಶ್ನೆಯನ್ನು ಸರಿಯಾದ ಮಾತಿನಲ್ಲಿ ಕೇಳಿದ್ದು ಯಾವ ಸಿದ್ಧಾಂತದ ಪುಸ್ತಕವೂ ಅಲ್ಲ, ನವಲಗುಂದದ ಮನೆಯಲ್ಲಿ ನನ್ನ ದೊಡ್ಡವ್ವ. ಚಿತ್ರದಲ್ಲಿ ಗೋಲ್ಡಿ ಎಂಬ ಹೆಣ್ಣು ಮಾರ್ವ್ ಎಂಬ ಒಡ್ಡ ಮನುಷ್ಯನ ಪಕ್ಕ ಮಲಗಿದ್ದಾಗಲೇ ಕೊಲೆಯಾಗುತ್ತಾಳೆ. ಹೃದಯಾಕಾರದ ಹಾಸಿಗೆ, ಬಂಗಾರದ ಕೂದಲು, ಹೆಣವೂ ಒಂದು ಚಿತ್ರಪಟ. ಲ್ಯಾಪ್‌ಟಾಪಿನಲ್ಲಿ ಆ ದೃಶ್ಯ ನಡೆಯುವಾಗ ದೊಡ್ಡವ್ವ ಚಹಾ ಹಿಡಿದು ಬಂದು ಪಕ್ಕದಲ್ಲಿ ಕೂತಳು.

“ಅಲ್ಲ ತಂಗಿ, ಈ ಹುಡುಗಿ ಯಾರ ಮಗಳು?”

“ಗೊತ್ತಿಲ್ಲ ದೊಡ್ಡವ್ವಾ. ಸಿನಿಮಾದಾಗ ಹೇಳಿಲ್ಲ.”

“ಅವ್ವ ಅಪ್ಪ, ಅಣ್ಣ ತಮ್ಮ ಯಾರೂ ಇಲ್ಲೇನ ಈಕೀಗೆ?”

“ಜೋಡಿ ಹುಟ್ಟಿದಾಕಿ ಒಬ್ಬಾಕಿ ಮುಂದ ಬರ್ತಾಳ.”

“ಹಂಗಾರ ಆಕಿನರ ಅಳ್ತಾಳೇನ?”

“ಆಕಿ ಪಿಸ್ತೂಲ್ ತಗೊಂಡು ಬರ್ತಾಳ.”

“ಅಳಾವ್ರಿಲ್ಲದ ಹೆಣ ಆತಲ್ಲವಾ ಅದು” ಎಂದು ಚಹಾ ಮುಗಿಸಿ ಎದ್ದುಹೋದಳು. ಚಿತ್ರ ಕೆಟ್ಟದ್ದು, ನೋಡಬೇಡ ಎಂದು ಅವಳು ಹೇಳಲಿಲ್ಲ. ರಕ್ತದ ಬಣ್ಣದ ಬಗ್ಗೆಯೂ ಏನೂ ಅನ್ನಲಿಲ್ಲ. ಅವಳಿಗೆ ಕೊರತೆಯಾಗಿ ಕಂಡದ್ದು ಒಂದೇ, ಸತ್ತವಳ ಸುತ್ತ ಯಾರೂ ಇರಲಿಲ್ಲ.

ಅಂದಿನಿಂದ ನಾನು ಈ ಬಗೆಯ ಸಿನಿಮಾಗಳನ್ನು ಆ ಪ್ರಶ್ನೆ ಇಟ್ಟುಕೊಂಡೇ ನೋಡುತ್ತಿದ್ದೇನೆ. ‘ಸಿನ್ ಸಿಟಿ’ಯಲ್ಲಿ ಸಾಯುವವರು ಬಹಳ, ಅಳುವವರು ಬಹಳ ಕಡಿಮೆ. ಕೆವಿನ್ ಎಂಬ ನರಭಕ್ಷಕನ ಮನೆಯ ಗೋಡೆಗೆ ಅವನು ಕೊಂದ ಹೆಣ್ಣುಮಕ್ಕಳ ತಲೆಗಳು ಸಾಲಾಗಿ ತೂಗಿವೆ. ಅವು ಯಾರವು? ಯಾವ ಮನೆಯವರು ಅವರನ್ನು ಹುಡುಕುತ್ತಿದ್ದಾರೆ? ಆ ತಲೆಗಳು ಕೊಂದವನು ಎಂಥ ರಾಕ್ಷಸ ಎಂದು ತೋರಿಸಲು ಇವೆ, ಅವನನ್ನು ಕೊಲ್ಲಲು ಹೊರಟ ಮಾರ್ವ್‌ನ ಸಿಟ್ಟು ನ್ಯಾಯದ್ದು ಎಂದು ತೋರಿಸಲು ಇವೆ. ತಮಗಾಗಿ ಅವು ಇಲ್ಲ. ದುಃಖ ಅಲ್ಲಿ ತಟ್ಟನೆ ಸೇಡಾಗಿಬಿಡುತ್ತದೆ. ದುಃಖಕ್ಕೆ ಕಾಲ ಬೇಕು, ಸೇಡಿಗೆ ವೇಗ ಸಾಕು.

ಇಷ್ಟಕ್ಕೇ ನಿಂತರೆ ‘ಶೈಲಿಯೇ ದೋಷ’ ಎಂದು ತೀರ್ಪು ಕೊಟ್ಟು ಮುಗಿಸಬಹುದಿತ್ತು. ಆದರೆ ಸಾವನ್ನು ಶೈಲಿಗೆ ಇಳಿಸಿದವರು ಮಿಲ್ಲರ್ ರೊಡ್ರಿಗ್ಸ್ ಇಬ್ಬರೇ ಅಲ್ಲ. ನಮ್ಮ ಸೀಮೆ ಸಾವಿರ ವರ್ಷಗಳಿಗೂ ಹಿಂದಿನಿಂದ ಆ ಕೆಲಸ ಮಾಡಿಕೊಂಡು ಬಂದಿದೆ.

ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಕಡೆಯ ಯಾವ ಹಳೆಯ ಗುಡಿಯ ಸುತ್ತ ಹೋದರೂ ಒಂದೋ ಎರಡೋ ವೀರಗಲ್ಲು ಕಾಣುತ್ತವೆ. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲೂ ಅವನ್ನು ನೋಡಬಹುದು. ಸಾಮಾನ್ಯವಾಗಿ ಮೂರು ಅಂಕಣ. ಕೆಳಗಿನದರಲ್ಲಿ ಕಾಳಗ. ನಡುವಿನದರಲ್ಲಿ ಸತ್ತ ವೀರನನ್ನು ಅಪ್ಸರೆಯರು ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಾರೆ. ಮೇಲಿನದರಲ್ಲಿ ಅವನು ಶಿವಲಿಂಗದ ಸನ್ನಿಧಿಯಲ್ಲಿದ್ದಾನೆ. ಕೆಳಗಿನಿಂದ ಮೇಲಕ್ಕೆ ಓದಬೇಕಾದ ಚಿತ್ರಕಥೆ ಇದು. ಇಲ್ಲೂ ರಕ್ತ ಕೆಂಪಲ್ಲ, ಕಲ್ಲಿನ ಬಣ್ಣ. ಇಲ್ಲೂ ಕೊಲ್ಲುವ ಭಂಗಿ ನೃತ್ಯದ ಭಂಗಿಯಂತಿದೆ. ಇಲ್ಲೂ ವೀರನ ಮೈ ಶತ್ರುಗಳ ಮೈಗಿಂತ ದೊಡ್ಡದು. ತುರುಗಳ್ಳರಿಂದ ದನ ಬಿಡಿಸಿಕೊಳ್ಳುವಾಗ ಸತ್ತವನಿಗೆ ಒಂದು ಕಲ್ಲು, ಊರಳಿವು ತಡೆಯುವಾಗ ಸತ್ತವನಿಗೆ ಒಂದು ಕಲ್ಲು. ಪೆಣ್ಬುಯ್ಯಲಿನಲ್ಲಿ, ಅಂದರೆ ಹೆಣ್ಣಿನ ಮಾನಕ್ಕೆ ಕೈ ಹಾಕಿದವರನ್ನು ಎದುರಿಸಿ ಸತ್ತವನಿಗೂ ಕಲ್ಲು ಇದೆ. ‘ಸಿನ್ ಸಿಟಿ’ಯ ಮೂರು ಮುಖ್ಯ ಕಥೆಗಳನ್ನು ಒಂದೊಂದು ವಾಕ್ಯದಲ್ಲಿ ಹೇಳಿ ಎಂದರೆ ಮೂರೂ ಪೆಣ್ಬುಯ್ಯಲಿನ ಕಥೆಗಳೇ. ಹೆಣ್ಣಿಗೆ ಆಪತ್ತು ಬಂದಿದೆ, ಗಂಡು ಎದುರಿಸುತ್ತಾನೆ. ಮಾರ್ವ್ ಕೊನೆಗೆ ವಿದ್ಯುತ್ ಕುರ್ಚಿಯಲ್ಲಿ ಸಾಯುತ್ತಾನೆ. ಹಾರ್ಟಿಗನ್ ಎಂಬ ಮುದಿ ಪೊಲೀಸ್ ತಾನು ಕಾಪಾಡಿದ ಹುಡುಗಿ ಬದುಕಲೆಂದು ತನಗೆ ತಾನೇ ಗುಂಡು ಹಾರಿಸಿಕೊಳ್ಳುತ್ತಾನೆ. ಈ ಚಿತ್ರಕ್ಕೆ ನೀತಿಯೇ ಇಲ್ಲ ಎನ್ನುವವರು ಇದನ್ನು ನೋಡಿಲ್ಲ. ಅದಕ್ಕೊಂದು ನೀತಿ ಇದೆ, ಅದು ಬಹಳ ಹಳೆಯದು.

ಹಾಗಾದರೆ ವ್ಯತ್ಯಾಸ ಎಲ್ಲಿ? ಚಿತ್ರಕಥೆಗಳ ಬಗ್ಗೆ ಸ್ಕಾಟ್ ಮೆಕ್ಲೌಡ್ 1993ರಲ್ಲಿ ಚಿತ್ರಕಥೆಯ ರೂಪದಲ್ಲೇ ಒಂದು ಪುಸ್ತಕ ತಂದ. ಅದರಲ್ಲಿ ಅವನು ಗುರುತಿಸುವ ಒಂದು ಸಂಗತಿ ಇಲ್ಲಿ ನೆರವಿಗೆ ಬರುತ್ತದೆ. ಒಂದು ಚೌಕದಲ್ಲಿ ಕೊಡಲಿ ಎತ್ತಿದ ಕೈ, ಮುಂದಿನ ಚೌಕದಲ್ಲಿ ರಾತ್ರಿಯ ಊರಿನ ಮೇಲೆ ಒಂದು ಚೀರಾಟ. ಕೊಲೆಯನ್ನು ಯಾರೂ ಬಿಡಿಸಿಲ್ಲ. ಎರಡು ಚೌಕಗಳ ನಡುವಿನ ಖಾಲಿ ಪಟ್ಟಿಯಲ್ಲಿ ಓದುಗನೇ ಅದನ್ನು ಮಾಡುತ್ತಾನೆ. ಹಾಗಾಗಿ ಆ ಪಾಪದಲ್ಲಿ ಅವನಿಗೂ ಪಾಲಿದೆ.

ವೀರಗಲ್ಲಿನಲ್ಲೂ ಆ ಪಟ್ಟಿ ಇದೆ. ಕಾದಾಡುವ ವೀರ ಒಂದು ಅಂಕಣದಲ್ಲಿ, ಒಯ್ಯಲ್ಪಡುವ ವೀರ ಮೇಲಿನ ಅಂಕಣದಲ್ಲಿ. ಸಾವು ನಡೆದದ್ದು ಎರಡರ ನಡುವೆ. ಶಾಸನವಿರುವ ಹಲವು ಕಲ್ಲುಗಳಲ್ಲಿ ಅಕ್ಷರ ಕೆತ್ತಿರುವುದೂ ಆ ನಡುವಿನ ಪಟ್ಟಿಯ ಮೇಲೇ. ಇಂಥ ಅರಸ ಆಳುವಾಗ, ಇಂಥ ಸಂವತ್ಸರದಲ್ಲಿ, ಇಂಥ ಊರಿನ ಇಂಥವರ ಮಗ ಇಂಥವನು ಕಾದಿ ಸತ್ತ, ಅವನ ತಮ್ಮನೋ ಮಗನೋ ಹೆಂಡತಿಯೋ ಈ ಕಲ್ಲು ನಿಲ್ಲಿಸಿದರು. ಕೆತ್ತುವವನಿಗೆ ಅದು ಜಾಗದ ಅನುಕೂಲ ಅಷ್ಟೇ ಆಗಿರಬಹುದು. ನನಗೆ ಮಾತ್ರ ಅದರಲ್ಲಿ ಒಂದು ವಿವೇಕ ಕಾಣುತ್ತದೆ. ಸಾವು ಇರಬೇಕಾದ ಜಾಗದಲ್ಲಿ ಹೆಸರಿದೆ. ಕಾಳಗವನ್ನು ಎಷ್ಟು ಬೇಕಾದರೂ ಚಂದ ಮಾಡು, ಆದರೆ ಅದನ್ನು ದಾಟಿ ಸ್ವರ್ಗಕ್ಕೆ ಹೋಗಬೇಕಾದರೆ ಕಣ್ಣು ಒಂದು ಹೆಸರನ್ನು, ಅವನ ಹಿಂದೆ ಉಳಿದವರನ್ನು ದಾಟಿಯೇ ಹೋಗಬೇಕು. ದೊಡ್ಡವ್ವನ ಪ್ರಶ್ನೆಗೆ ಉತ್ತರ ಅಲ್ಲಿ ಮೊದಲೇ ಬರೆದಿದೆ.

ಚಿತ್ರಕಥೆ ಸಿನಿಮಾ ಆದಾಗ ಈ ಖಾಲಿ ಪಟ್ಟಿಯೇ ಮಾಯವಾಗುತ್ತದೆ. ಎತ್ತಿದ ಕೈ ಇಳಿಯುವುದನ್ನೂ ತೋರಿಸಲೇಬೇಕು, ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ. ಓದುಗ ಮಾಡಬೇಕಿದ್ದ ಕೆಲಸವನ್ನು ಯಂತ್ರ ಮಾಡಿಬಿಡುತ್ತದೆ, ಅವನ ಪಾಲಿನ ಭಾರವನ್ನೂ ಇಳಿಸಿಬಿಡುತ್ತದೆ. ಉಳಿಯುವುದು ನೋಡುವ ಸುಖ. ರಕ್ತ ಬಿಳಿಯಾಗಿರುವುದು ಆ ಸುಖಕ್ಕೆ ತೊಡಕಾಗದಿರಲಿ ಎಂದು.

ವೀರಗಲ್ಲನ್ನು ಪೂರ್ತಿ ಹೊಗಳಿ ಕೈತೊಳೆದುಕೊಳ್ಳಲೂ ಆಗದು. ಪೆಣ್ಬುಯ್ಯಲಿನ ಕಲ್ಲಿನಲ್ಲಿ ಹೆಸರಿರುವುದು ಸತ್ತ ಗಂಡಿಗೆ. ಯಾವ ಹೆಣ್ಣಿಗಾಗಿ ಅವನು ಸತ್ತನೋ ಅವಳು ಎಷ್ಟೋ ಸಲ ಅಂಕಣದ ಮೂಲೆಯಲ್ಲಿ ನಿಂತ ಒಂದು ಸಣ್ಣ ಆಕೃತಿ. ಅವಳು ಆಮೇಲೆ ಏನಾದಳು ಎಂದು ಕಲ್ಲು ಹೇಳುವುದಿಲ್ಲ. ವೀರನ ಬಾಣಕ್ಕೆ ಬಿದ್ದ ಎದುರಾಳಿಗಳಿಗೂ ಹೆಸರಿಲ್ಲ. ಅವರ ಹೆಂಡಂದಿರು ಬೇರೆ ಊರಿನಲ್ಲಿ ಬೇರೆ ಕಲ್ಲು ನಿಲ್ಲಿಸಿರಬೇಕು. ಅಳುವುದರಲ್ಲೂ ಆಯ್ಕೆ ಇರುತ್ತದೆ ಎಂಬುದನ್ನು ಇಲ್ಲಿಯೇ ಗುರುತಿಸಿಟ್ಟುಕೊಳ್ಳೋಣ, ಮುಂದೆ ಬೇಕಾಗುತ್ತದೆ.

ಕಲ್ಲಿನಿಂದ ಆಟಕ್ಕೆ ಬರೋಣ. ಅಪರಾಧದ ಕಥೆಯನ್ನೇ ಶೈಲಿಗೆ ಒಗ್ಗಿಸಿದ್ದಕ್ಕೆ ನಮ್ಮ ಕಡೆಯ ದೊಡ್ಡ ಉದಾಹರಣೆ ‘ಸಂಗ್ಯಾ ಬಾಳ್ಯಾ’ ಸಣ್ಣಾಟ. ಬೈಲಹೊಂಗಲದಲ್ಲಿ ನಡೆದ ಒಂದು ಕೊಲೆಯ ಸುತ್ತ ಹುಟ್ಟಿದ್ದೆಂದು ಹೇಳುವ ಆಟ ಇದು. ಹೊರಗೆ ಹೋದ ಗಂಡ, ಮನೆಯಲ್ಲಿರುವ ಗಂಗಿ, ಅವಳಿಗೆ ಮನಸೋತ ಸಂಗ್ಯಾ, ನಡುವೆ ಓಡಾಡುವ ಗೆಳೆಯ ಬಾಳ್ಯಾ. ಕೊನೆಗೆ ಗೆಳೆಯನೇ ಗೆಳೆಯನನ್ನು ಕೊಲೆಗೆ ಒಪ್ಪಿಸುತ್ತಾನೆ. ರಂಗದ ಮೇಲೆ ಪರದೆ ಇಲ್ಲ, ಸಾಮಾನಿಲ್ಲ. ಹಿಮ್ಮೇಳ, ಕುಣಿತ, ಪದ, ಅಷ್ಟೇ. ‘ಸಿನ್ ಸಿಟಿ’ಯ ಹಸಿರು ಪರದೆಯ ಮುಂದೆ ನಟರು ಹೇಗೆ ಬರಿದಾದ ಜಾಗದಲ್ಲಿ ಊರನ್ನು ಊಹಿಸಿಕೊಂಡು ನಟಿಸಿದರೋ, ಇಲ್ಲಿ ಇಡೀ ಪ್ರೇಕ್ಷಕರೇ ಹಾಗೆ ಊಹಿಸಿಕೊಳ್ಳುತ್ತಾರೆ. ಸಂಗ್ಯಾ ಸಾಯುತ್ತಾನೆಂದು ಕೂತವರಿಗೆಲ್ಲ ಮೊದಲೇ ಗೊತ್ತು. ಆದರೂ ರಾತ್ರಿಯಿಡೀ ಕೂರುತ್ತಾರೆ. ಗೊತ್ತಿರುವುದಕ್ಕೇ ಕೂರುತ್ತಾರೆ. ಏನಾಗುತ್ತದೆ ಎಂಬ ಕುತೂಹಲ ಹೋದ ಮೇಲೆ ಉಳಿಯುವುದು ಹೀಗಾಗಬಾರದಿತ್ತಲ್ಲ ಎಂಬ ಸಂಕಟ. ಆಟದ ಹೆಸರನ್ನೇ ನೋಡಿ, ಅದರಲ್ಲಿ ಸತ್ತವನೂ ಇದ್ದಾನೆ, ಸಾಯಲು ಒಪ್ಪಿಸಿದವನೂ ಇದ್ದಾನೆ. ಒಬ್ಬನನ್ನು ನೆನೆಯಬೇಕಾದರೆ ಇನ್ನೊಬ್ಬನನ್ನೂ ನೆನೆಯಬೇಕು. ಗಂಗಿ ಮಾತ್ರ ಇಲ್ಲೂ ಹೆಸರಿನ ಹೊರಗೇ ಉಳಿದಳು.

ಇದರ ಪಕ್ಕದಲ್ಲಿ ನಮ್ಮ ಕಾಲದ ಕನ್ನಡ ಸಿನಿಮಾವನ್ನು ಇಟ್ಟು ನೋಡಬಹುದು. ಸೂರಿ ನಿರ್ದೇಶನದ ‘ಟಗರು’ 2018ರಲ್ಲಿ ಬಂತು. ಕಾಲವನ್ನು ಹಿಂದೆ ಮುಂದೆ ಕತ್ತರಿಸಿ ಜೋಡಿಸಿದ, ಬಣ್ಣ ಮತ್ತು ಸದ್ದಿನಲ್ಲಿ ತನ್ನದೇ ಹದ ಕಂಡುಕೊಂಡ ಚಿತ್ರ. ಕನ್ನಡದಲ್ಲಿ ‘ಸಿನ್ ಸಿಟಿ’ಯ ಜಾತಿಗೆ ಹತ್ತಿರದ್ದು ಯಾವುದು ಎಂದರೆ ನಾನು ಇದನ್ನೇ ತೋರಿಸುತ್ತೇನೆ. ಅದರಲ್ಲಿ ಧನಂಜಯ ಮಾಡಿದ ಕ್ರೂರಿಯ ಪಾತ್ರದ ಹೆಸರು ಡಾಲಿ. ಇವತ್ತು ಆ ನಟನನ್ನು ಜನ ಕರೆಯುವುದೇ ‘ಡಾಲಿ ಧನಂಜಯ’ ಎಂದು. ಕಾಕ್ರೋಚ್ ಎಂಬ ಪಾತ್ರ ಮಾಡಿದ ಸುಧಿಗೂ ಆ ಹೆಸರೇ ಅಂಟಿಕೊಂಡಿದೆ. ಇದು ನಟರ ಹೆಚ್ಚುಗಾರಿಕೆ, ಅವರನ್ನು ದೂರುವ ಮಾತೇ ಇಲ್ಲ. ಆದರೆ ಡಾಲಿ, ಚಿಟ್ಟೆ, ಕಾಕ್ರೋಚ್ ಎಂದು ಕೊಂದವರ ಹೆಸರನ್ನು ಒಂದೇ ಉಸಿರಿಗೆ ಹೇಳುವ ನಾವು, ಅವರ ಕೈಯಲ್ಲಿ ಸತ್ತವರ ಹೆಸರನ್ನು ಅಷ್ಟೇ ಸಲೀಸಾಗಿ ಹೇಳಬಲ್ಲೆವೇ? ಶೈಲಿ ಯಾರ ಮೇಲೆ ಬೆಳಕು ಚೆಲ್ಲಿತೋ ನೆನಪು ಅವರ ಕಡೆಗೇ ಹೋಯಿತು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಬರಬೇಕು. ಹಾಗಾದರೆ ಶೈಲಿ ಬಿಟ್ಟು ಇದ್ದದ್ದನ್ನು ಇದ್ದಂತೆ ತೋರಿಸಿದರೆ ಸರಿಯಾಗುತ್ತದೆಯೇ? ರಕ್ತವನ್ನು ಕೆಂಪಾಗಿಯೇ ತೋರಿಸಿದರೆ ನಾವು ಸತ್ತವರಿಗೆ ಹತ್ತಿರವಾಗುತ್ತೇವೆಯೇ? ನಮ್ಮ ಜೇಬಿನಲ್ಲಿರುವ ಫೋನು ಇದಕ್ಕೆ ಉತ್ತರ ಕೊಡುತ್ತದೆ. ಹೆದ್ದಾರಿಯ ಅಪಘಾತ, ಗುಂಪು ಸೇರಿ ಬಡಿದದ್ದು, ಹಾಡುಹಗಲೇ ಇರಿದದ್ದು, ಎಲ್ಲವೂ ವಾಟ್ಸಾಪಿನಲ್ಲಿ ಬರುತ್ತವೆ. ಅಲ್ಲಿ ಶೈಲಿ ಇಲ್ಲ, ಬೆಳಕಿನ ವಿನ್ಯಾಸವಿಲ್ಲ, ಸಂಗೀತವಿಲ್ಲ. ಸತ್ತವರು ನಿಜವಾಗಿ ಸತ್ತಿದ್ದಾರೆ. ನಾವು ಅದನ್ನು ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳಿ ಮುಂದಿನದಕ್ಕೆ ಹೋಗುತ್ತೇವೆ, ಕೆಲವೊಮ್ಮೆ ಇನ್ನೊಬ್ಬರಿಗೆ ಕಳಿಸಿಯೂ ಬಿಡುತ್ತೇವೆ. ಹೆಸರಿಲ್ಲ, ಊರಿಲ್ಲ, ಅಳುವವರಿಲ್ಲ. ನಿಜ ತೋರಿಸಿದ ಮಾತ್ರಕ್ಕೆ ನೀತಿ ಹುಟ್ಟುವುದಿಲ್ಲ. ಬಿಳಿ ರಕ್ತದ ಸಿನಿಮಾಕ್ಕಿಂತ ಕೆಂಪು ರಕ್ತದ ಈ ತುಣುಕು ಹೆಚ್ಚು ಕಠೋರ.

ತದ್ವಿರುದ್ಧವಾಗಿ, ಅಳುವುದೇ ಒಂದು ಶೈಲಿ. ನಮ್ಮ ಕಡೆ ಹೆಣದ ಮುಂದೆ ಹೆಣ್ಣುಮಕ್ಕಳು ಹಾಡ್ಯಾಡಿ ಅಳುವುದನ್ನು ಕೇಳಿದವರಿಗೆ ಇದು ಗೊತ್ತು. ಅದಕ್ಕೊಂದು ಧಾಟಿ ಇದೆ, ಎಳೆತ ಇದೆ, ಸತ್ತವರ ಗುಣ ಒಂದೊಂದಾಗಿ ಎತ್ತಿ ಹೇಳುವ ಕ್ರಮ ಇದೆ. ಹೊರಗಿನಿಂದ ಬಂದವರಿಗೆ ನಾಟಕದಂತೆ ಕಾಣಬಹುದು. ಅದು ನಾಟಕವಲ್ಲ, ಗಂಟಲಲ್ಲಿ ಸಿಕ್ಕಿಕೊಂಡ ದುಃಖ ಹೊರಬರಲು ಹಾಕಿಕೊಂಡ ದಾರಿ. ಧಾಟಿ ಇಲ್ಲದಿದ್ದರೆ ಎಷ್ಟೋ ಜನ ಅಳಲಾರದೇ ಹೋಗುತ್ತಿದ್ದರು.

ಮೊಹರಂ ಇದಕ್ಕಿಂತ ದೊಡ್ಡ ಸಾಕ್ಷಿ. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ, ನಮ್ಮ ಎರೆಭೂಮಿಗೆ ಸಾವಿರಾರು ಕಿಲೋಮೀಟರ್ ದೂರದಲ್ಲಿ, ಹುಸೇನರು ಮತ್ತು ಅವರ ಜೊತೆಗಾರರು ಹತರಾದರು. ಆ ಕೊಲೆಯನ್ನು ಧಾರವಾಡ ಸೀಮೆಯ ಹಳ್ಳಿಗಳಲ್ಲಿ ಕನ್ನಡದ ರಿವಾಯತ್ ಪದಗಳಲ್ಲಿ ಇಂದಿಗೂ ಹಾಡುತ್ತಾರೆ. ಹಾಡುವವರಲ್ಲಿ ಹಿಂದೂಗಳೂ ಇದ್ದಾರೆ, ಮುಸಲ್ಮಾನರೂ ಇದ್ದಾರೆ. ಮುಸಲ್ಮಾನರ ಮನೆಯೇ ಇಲ್ಲದ ಊರುಗಳಲ್ಲೂ ಪಂಜಾ ಕೂರುತ್ತವೆ. ಹೆಜ್ಜೆ ಇದೆ, ಕುಣಿತ ಇದೆ, ಬಣ್ಣ ಇದೆ. ಶೈಲಿ ಎಂದರೆ ಇದಕ್ಕಿಂತ ಶೈಲಿ ಬೇಕೆ? ಆದರೂ ಅಲ್ಲಿ ನೀರಡಿಸಿದ ಮಗುವಿಗೆ ಹೆಸರಿದೆ, ತಾಯಿಗೆ ಹೆಸರಿದೆ, ತಂಗಿಗೆ ಹೆಸರಿದೆ. ಸಾವಿರದ ಮುನ್ನೂರು ವರ್ಷಕ್ಕೂ ಹಿಂದೆ, ಗೊತ್ತಿಲ್ಲದ ದೇಶದಲ್ಲಿ, ಗೊತ್ತಿಲ್ಲದ ಭಾಷೆಯಲ್ಲಿ ಸತ್ತವರಿಗಾಗಿ ಒಬ್ಬ ರೈತ ಕನ್ನಡದಲ್ಲಿ ಅಳುತ್ತಾನೆ ಎಂದರೆ ಅದನ್ನು ಮಾಡಿಸಿದ್ದು ಶೈಲಿಯೇ.

ಹಾಗಾಗಿ ನನ್ನ ಉತ್ತರ ಹೀಗೆ ರೂಪ ತಾಳಿದೆ. ಕೊಲೆಯನ್ನು ಚಂದ ಮಾಡುವುದು ತಪ್ಪಲ್ಲ. ಚಂದವನ್ನು ಕೊಂದವನ ಬಳಿ ಮಾತ್ರ ಬಿಟ್ಟು, ಸತ್ತವರ ಹತ್ತಿರ ಯಾರೂ ಬಾರದಂತೆ ಮಾಡುವುದು ತಪ್ಪು. ಚಂದ ದೂರ ಮಾಡಲೂಬಹುದು, ಹತ್ತಿರ ತರಲೂಬಹುದು. ಅಳುವವರಿಗೆ ಜಾಗ ಬಿಟ್ಟಿದೆಯೇ ಎಂಬುದೇ ಅಳತೆಗೋಲು.

ಈ ಅಳತೆಗೋಲನ್ನು ನಮ್ಮದೇ ಊರಿನ ಮೇಲೆ ಇಟ್ಟು ನೋಡದಿದ್ದರೆ ಅದು ಬರೀ ಮಾತಾಗುತ್ತದೆ. ಮಲಪ್ರಭಾ ಅಚ್ಚುಕಟ್ಟು ಪ್ರದೇಶದ ರೈತರ ಮೇಲೆ ಹೇರಿದ ಬೆಟರ್‌ಮೆಂಟ್ ಲೆವಿ ವಿರುದ್ಧ ಚಳವಳಿ ನಡೆದು, 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಗೋಲಿಬಾರ್ ಆಯಿತು. ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ ಎಂಬ ರೈತ ಸತ್ತರು. ರಾಜ್ಯದ ರೈತ ಚಳವಳಿಯ ದಿಕ್ಕನ್ನೇ ಬದಲಿಸಿದ ದಿನ ಅದು. ಪ್ರತಿ ವರ್ಷ ಜುಲೈ 21ಕ್ಕೆ ಹುತಾತ್ಮ ರೈತರ ಸ್ಮಾರಕಕ್ಕೆ ಮಾಲೆ ಬೀಳುತ್ತದೆ, ಭಾಷಣಗಳಾಗುತ್ತವೆ, ಮಹದಾಯಿ ನೀರಿನ ಬೇಡಿಕೆ ಮತ್ತೆ ಏಳುತ್ತದೆ. ಹೊಸ ಕಾಲದ ವೀರಗಲ್ಲು ಅದು. ಹೆಸರಿದೆ, ದಿನ ಇದೆ, ಊರಿದೆ, ನೆನೆಯುವವರಿದ್ದಾರೆ.

ಅದೇ ದಿನ ನರಗುಂದದಲ್ಲಿ ಪೊಲೀಸರೂ ಸತ್ತರು, ರೊಚ್ಚಿಗೆದ್ದ ಗುಂಪಿನ ಕೈಯಲ್ಲಿ. ಅವರಿಗೂ ಅವ್ವ ಅಪ್ಪ ಇದ್ದರು. ನಮ್ಮ ಭಾಷಣಗಳಲ್ಲಿ ಅವರ ಹೆಸರು ಕೇಳಿಬರುವುದು ಅಪರೂಪ. ಸರಕಾರದ ಗುಂಡಿಗೆ ಸತ್ತ ರೈತನನ್ನೂ ಸರಕಾರದ ಕೆಲಸದ ಮೇಲಿದ್ದು ಸತ್ತವನನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಎಂದು ನಾನು ಹೇಳುತ್ತಿಲ್ಲ. ನ್ಯಾಯ ಅನ್ಯಾಯದ ಲೆಕ್ಕ ಬೇರೆ, ಅದನ್ನು ಮಾಡಲೇಬೇಕು. ಆದರೆ ಅಳುವ ಲೆಕ್ಕ ನ್ಯಾಯದ ಲೆಕ್ಕ ಮುಗಿಯಲಿ ಎಂದು ಕಾಯುವುದಿಲ್ಲ. ವೀರಗಲ್ಲಿನ ಮೂಲೆಯಲ್ಲಿ ಬಿದ್ದ ಹೆಸರಿಲ್ಲದ ಎದುರಾಳಿ ಇಲ್ಲಿ ಮತ್ತೆ ಸಿಗುತ್ತಾನೆ. ಸ್ಮಾರಕವೂ ಒಂದು ಶೈಲಿ, ಅದೂ ಆಯ್ಕೆ ಮಾಡುತ್ತದೆ. ‘ಸಿನ್ ಸಿಟಿ’ಯನ್ನು ಅಳೆಯುವ ಗೋಲಿನಲ್ಲಿ ನಮ್ಮ ಕಲ್ಲುಗಳನ್ನೂ ಅಳೆಯಬೇಕು, ಆಗ ನಾವೂ ಅಲ್ಲಲ್ಲಿ ಕಡಿಮೆ ಬೀಳುತ್ತೇವೆ.

ಇನ್ನು ಉಳಿದದ್ದು ನೋಡುವ ಜಾಗದ ಮಾತು. ಸಿನಿಮಾ ಮನೆಗೆ ಬಂದಾಗ ಏನಾಗುತ್ತದೆ? ಮೊದಲು ಕಾಣುವುದು ನಷ್ಟವೇ. ಸಣ್ಣಾಟವನ್ನು ಊರೇ ಕೂತು ನೋಡುತ್ತದೆ, ನಡುವೆ ನಿಲ್ಲಿಸುವ ಹಾಗಿಲ್ಲ. ಉಪೇಂದ್ರ ನಿರ್ದೇಶನದ ‘ಓಂ’ 1995ರಲ್ಲಿ ಬಂದರೂ 2015ರವರೆಗೆ ಟೀವಿಯಲ್ಲಿ ಬರಲಿಲ್ಲ. ಚಿತ್ರಮಂದಿರಗಳಲ್ಲಿ ಮತ್ತೆ ಮತ್ತೆ ತೆರೆ ಕಾಣುತ್ತಲೇ ಇತ್ತು. ನೋಡಬೇಕೆಂದವರು ಹತ್ತಾರು ಜನರ ನಡುವೆ ಕೂತೇ ನೋಡಬೇಕಿತ್ತು. ಡಿವಿಡಿ ಬಂದ ಮೇಲೆ, ಈಗ ಫೋನು ಬಂದ ಮೇಲೆ, ಹಾಸ್ಟೆಲಿನ ಮಂಚದ ಮೇಲೆ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಒಬ್ಬರೇ ನೋಡುತ್ತೇವೆ. ಹಿಡಿಸಿದ ಹೊಡೆದಾಟವನ್ನು ಹಿಂದಕ್ಕೆ ಒತ್ತಿ ನಾಲ್ಕು ಸಲ ನೋಡುತ್ತೇವೆ. ‘ಸಿನ್ ಸಿಟಿ’ಯ ಆ ದೊಡ್ಡ ಡಿವಿಡಿಯಲ್ಲಿ ಕಥೆಗಳನ್ನು ಬಿಡಿಬಿಡಿಯಾಗಿಸಿ ಕೊಟ್ಟಿದ್ದಾರೆ, ಬೇಕಾದದ್ದನ್ನು ಮಾತ್ರ ನೋಡಬಹುದು. ಚಿತ್ರಮಂದಿರದ ಆವೃತ್ತಿಯಲ್ಲೇ ಮಾರ್ವ್ ಒಂದು ಕಥೆಯಲ್ಲಿ ಸತ್ತು ಮುಂದಿನ ಇನ್ನೊಂದು ಕಥೆಯ ಬಾರಿನಲ್ಲಿ ಕೂತಿರುತ್ತಾನೆ. ಮನೆಯಲ್ಲಂತೂ ಒಂದು ಗುಂಡಿ ಒತ್ತಿದರೆ ಯಾರು ಬೇಕಾದರೂ ಎದ್ದು ಬರುತ್ತಾರೆ. ಹಿಂದಕ್ಕೆ ಬರಲಾಗದ್ದು ಎಂಬುದೇ ಸಾವಿನ ಲಕ್ಷಣ. ಆ ಲಕ್ಷಣವೇ ಇಲ್ಲದ ಸಾವಿಗೆ ಯಾರು ಅಳುತ್ತಾರೆ?

ಆದರೆ ಮನೆಗೆ ಇನ್ನೊಂದು ಗುಣವೂ ಇದೆ, ನಾವು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಚಿತ್ರಮಂದಿರದ ಕತ್ತಲಲ್ಲಿ ‘ಈಕಿ ಯಾರ ಮಗಳು’ ಎಂದು ಜೋರಾಗಿ ಕೇಳುವಂತಿಲ್ಲ. ಕೇಳಿದರೆ ಹಿಂದಿನ ಸಾಲಿನವರು ಸುಮ್ಮನಿರಿ ಎನ್ನುತ್ತಾರೆ. ಮನೆಯಲ್ಲಿ ಕೇಳಬಹುದು. ಸಿನಿಮಾ ಯಾರಿಗಾಗಿ ಮಾಡಿದ್ದಲ್ಲವೋ ಅವರೂ ಮನೆಯಲ್ಲಿ ಪಕ್ಕಕ್ಕೆ ಬಂದು ಕೂರಬಹುದು, ಶೈಲಿಯ ನಿಯಮ ಗೊತ್ತಿಲ್ಲದ ಪ್ರಶ್ನೆ ಹಾಕಬಹುದು. ಚಿತ್ರವನ್ನು ನಿಲ್ಲಿಸುವ ಗುಂಡಿಯೂ ಅಲ್ಲಿದೆ. ಅದನ್ನು ನಾವು ಸಾಮಾನ್ಯವಾಗಿ ಒತ್ತುವುದು ಫೋನು ಬಂದಾಗ, ಅನ್ನಕ್ಕೆ ಕರೆದಾಗ. ಆದರೆ ಆ ನಿಂತ ಚಿತ್ರ ಮತ್ತೆ ಚಿತ್ರಕಥೆಯ ಒಂದು ಚೌಕವಾಗುತ್ತದೆ ಎಂಬುದನ್ನು ಗಮನಿಸಿ. ಸಿನಿಮಾ ಕಿತ್ತುಕೊಂಡಿದ್ದ ಖಾಲಿ ಪಟ್ಟಿ, ಎರಡು ಅಂಕಣಗಳ ನಡುವಿನ ಆ ಜಾಗ, ಅಷ್ಟು ಹೊತ್ತಿನ ಮಟ್ಟಿಗೆ ನೋಡುಗನ ಕೈಗೆ ವಾಪಸು ಬರುತ್ತದೆ. ಗೋಡೆಯ ಮೇಲೆ ತೂಗಿದ ಆ ತಲೆಗಳ ದೃಶ್ಯವನ್ನು ನಿಲ್ಲಿಸಿ ಎಣಿಸಬಹುದು. ಚಿತ್ರ ಅವರಿಗೆ ಹೆಸರು ಕೊಟ್ಟಿಲ್ಲ, ನಾವೂ ಕೊಡಲಾರೆವು. ಆದರೆ ಅಲ್ಲಿ ಹೆಸರು ಇರಬೇಕಿತ್ತು ಎಂಬಷ್ಟನ್ನಾದರೂ ಗುರುತಿಸಬಹುದು.

ಇಂಥ ಸಿನಿಮಾಗಳನ್ನು ನಾನು ಮುಂದೆಯೂ ನೋಡುತ್ತೇನೆ, ಮೆಚ್ಚುತ್ತೇನೆ ಕೂಡ. ಮಿಲ್ಲರನ ಕಪ್ಪು ಬಿಳುಪಿನಲ್ಲಿ ಒಂದು ಶಕ್ತಿ ಇದೆ, ಸೂರಿಯ ಕತ್ತರಿಯಲ್ಲೂ ಇದೆ. ಮೆಚ್ಚಿಕೊಳ್ಳುವುದಕ್ಕೆ ನಾಚಬೇಕಿಲ್ಲ. ಮೆಚ್ಚಿಕೊಂಡ ಮೇಲೆ ಮಾಡಬೇಕಾದ ಒಂದು ಕೆಲಸ ಬಾಕಿ ಇರುತ್ತದೆ ಅಷ್ಟೇ, ಅದನ್ನು ನಿರ್ದೇಶಕ ಮಾಡದೆ ಬಿಟ್ಟಿದ್ದರೆ ನೋಡಿದವರು ಮಾಡಬೇಕು. ಹಳೆಯ ಕಾಲದಲ್ಲಿ ಕಲ್ಲು ಕೆತ್ತುವವನು ಕಾಳಗ ಕೆತ್ತಿ ಮುಗಿಸಿದ ಮೇಲೆ ಊರಿನವರು ಬಂದು ಹೆಸರು ಹೇಳಿ ಬರೆಸಬೇಕಿತ್ತು. ಅದು ಊರಿನವರ ಪಾಲಿನ ಕೆಲಸವಾಗಿತ್ತು.